ಘಟ್ಟದ ಮೇಲೆ ನಮ್ಮ ಮೊದಲ ಚಳಿಗಾಲ: ಕೈಯಲ್ಲಿ ಮೂರು ಸಾವಿರ, ಮನೆಯಲ್ಲಿ ಮುದಿ ನಾಯಿ, ಮೂರು ಬೆಕ್ಕಿನ ಮರಿ

ಕೇಣಿಯವಳು:

ಎಲ್ಲರಿಗೂ ನಮಸ್ಕಾರ.

ನಾನು ಅಂಕೋಲೆಯ ಕೇಣಿಯವಳು, ಹುಟ್ಟಿ ಬೆಳೆದದ್ದೆಲ್ಲ ಕಡಲ ಬದಿಗೆ. ಯಜಮಾನರಿಗೆ ಶಿರಸಿಯಲ್ಲಿ ಗೂಡ್ಸ್ ಗಾಡಿ ಓಡಿಸುವ ಕೆಲಸ ಸಿಕ್ಕಿತೆಂದು ಕಳೆದ ಮೇ ತಿಂಗಳಲ್ಲಿ ಪಾತ್ರೆಪಗಡೆ ಕಟ್ಟಿಕೊಂಡು ದೇವಿಮನೆ ಘಟ್ಟ ಹತ್ತಿ ಬಂದೆವು. ಪೇಟೆಯಿಂದ ಏಳು ಕಿಲೋಮೀಟರ್ ಆಚೆ, ಅಡಿಕೆ ತೋಟದ ಮೇಲ್ಗಡೆ ಒಂದು ಹಳೆಯ ಹಂಚಿನ ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿದೆ. ಎರಡು ಕೋಣೆ, ಮುಂದೆ ಸಿಮೆಂಟಿನ ಜಗಲಿ, ಹಿಂದೆ ಬಚ್ಚಲು. ಬಚ್ಚಲಲ್ಲಿ ಒಲೆಯೂ ಹಂಡೆಯೂ ಇವೆ, ಅದೊಂದು ಪುಣ್ಯ.

ಮಳೆಗಾಲ ಹೇಗೋ ಕಳೆಯಿತು. ಚಳಿಯ ಅಂದಾಜು ಮಾತ್ರ ನನಗೆ ಇರಲಿಲ್ಲ. ನಮ್ಮೂರಲ್ಲಿ ಥಂಡಿ ಅಂದರೆ ಜನವರಿಯಲ್ಲಿ ಬೆಳಗಿನ ಜಾವ ಒಂದು ಚಾದರ ಹೊದೆಯುವುದು, ಬಿಸಿಲು ಬಂದ ಕೂಡಲೇ ಮಡಚಿಡುವುದು, ಅಷ್ಟೇ. ಇಲ್ಲಿ ದೀಪಾವಳಿ ಮುಗಿದ ವಾರದಿಂದಲೇ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಹೊದಿಕೆ ಮುಟ್ಟಿದರೆ ಒಣಗದ ಬಟ್ಟೆ ಮುಟ್ಟಿದ ಹಾಗೆ. ಅಂಗಾತ ಮಲಗಿದರೆ ಎರಡು ಕಡೆ ಹಂಚಿನ ಸಂದಿಯಲ್ಲಿ ನಕ್ಷತ್ರ ಕಾಣುತ್ತದೆ. ಅತ್ತೆಯವರಿಗೆ 68 ವರ್ಷ, ಉಬ್ಬಸ ಇದೆ. ಮಗಳಿಗೆ ನಾಲ್ಕು.

ಎಲ್ಲಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸುತ್ತಿರುವುದು ನಮ್ಮ ನಾಯಿ ಕರಿಯನ ಸ್ಥಿತಿ. ಅವನಿಗೆ ಹನ್ನೊಂದು ವರ್ಷ. ಊರಲ್ಲಿ ದೋಣಿಯ ಮಗ್ಗುಲಿಗೆ ಮರಳಲ್ಲಿ ಗುಂಡಿ ತೋಡಿಕೊಂಡು ಮಲಗುತ್ತಿದ್ದವನು. ಹಗಲಿನ ಬಿಸಿಲು ಕುಡಿದ ಮರಳು, ರಾತ್ರಿಯೂ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಇಲ್ಲಿ ಸಿಮೆಂಟಿನ ಮೇಲೆ ಮಲಗುತ್ತಾನೆ. ಬೆಳಿಗ್ಗೆ ಹಿಂಗಾಲು ಎತ್ತಲಿಕ್ಕೆ ಆಗುವುದಿಲ್ಲ. ಮುಂಗಾಲಲ್ಲಿ ಮೈ ಎಳೆದುಕೊಂಡು ಅಂಗಳದ ತುದಿಯವರೆಗೆ ಹೋಗಿ ಉಚ್ಚೆ ಹೊಯ್ದು ಬರುತ್ತಾನೆ, ಜಗಲಿ ಗಲೀಜು ಮಾಡುವುದಿಲ್ಲ. ನಾನು ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಡಿದುಕೊಂಡು ಜೊತೆಗೆ ನಡೆಯುತ್ತೇನೆ. ಬಿಸಿಲು ಏರಿದ ಮೇಲೆ ಸರಿಯಾಗುತ್ತಾನೆ. ಇದಲ್ಲದೆ ಮಳೆಯಲ್ಲಿ ತಾನಾಗಿ ಬಂದು ಸೇರಿಕೊಂಡ ಒಂದು ಬೆಕ್ಕು ಅಡಿಕೆ ಬುಟ್ಟಿಯಲ್ಲಿ ಮೂರು ಮರಿ ಹಾಕಿದೆ. ಮರಿಗಳಿಗೆ ಈಗ ಐದು ವಾರ.

ನಾನು ಬ್ಲೌಸ್ ಹೊಲಿದು, ಸಂಘದಲ್ಲಿ ಕಟ್ಟಿ ಉಳಿಸಿದ್ದು 3,000 ರೂಪಾಯಿ. ಜನವರಿ ಮುಗಿಯುವ ತನಕ ಬೇರೆ ದುಡ್ಡು ಬರುವುದಿಲ್ಲ. ಆದ್ದರಿಂದ ತಿಳಿದವರು ಹೇಳಿ:

ಸಂಬಂಧಿಕರೊಬ್ಬರು ಹಳೆಯ ರೂಮ್ ಹೀಟರ್ ಕೊಟ್ಟಿದ್ದಾರೆ, 2,000 ವ್ಯಾಟಿನದು. ನಾಲ್ಕು ರಾತ್ರಿ ಹಚ್ಚಿದೆ. ಮೀಟರ್ ಮನೆಯೊಡತಿಯ ಹೆಸರಲ್ಲಿ, ಇಬ್ಬರದೂ ಒಂದೇ. ಅವರು ಏನೂ ಹೇಳಲಿಲ್ಲ, ಆದರೆ ಮೀಟರ್ ನೋಡಿಕೊಂಡು ಹೋದರು. ಹಚ್ಚುವುದು ಸರಿಯೋ ಬಿಡುವುದು ಸರಿಯೋ?

ಒಲೆಯ ಕೆಂಡವನ್ನು ಬಾಣಲೆಯಲ್ಲಿ ಹಾಕಿ ಅತ್ತೆಯವರ ಕೋಣೆಯಲ್ಲಿ ರಾತ್ರಿ ಇಡಬಹುದೇ? ಅವರೇ ಕೇಳುತ್ತಿದ್ದಾರೆ.

ಕರಿಯನಿಗೆ ಬೆಟ್ಟದಿಂದ ಎರಡು ಚೀಲ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಹಾಸಿದ್ದೇನೆ. ಪುಕ್ಕಟೆ ಸಿಗುತ್ತದೆ, ಮೆತ್ತಗೂ ಇದೆ. ಇನ್ನಷ್ಟು ತರಬೇಕೆಂದಿದ್ದೇನೆ. ಸಾಲುತ್ತದೆಯೇ?

ಇರುವ ದುಡ್ಡಿನಲ್ಲಿ ಮೊದಲು ಕೈ ಹಾಕಬೇಕಾದದ್ದು ಯಾವುದಕ್ಕೆ?

ಹುಲೇಕಲ್ ಅಕ್ಕ:

ತಂಗಿ, ಮೊದಲು ಕೆಂಡದ ಮಾತು. ಬೇಡವೇ ಬೇಡ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ನಿದ್ದೆಯಲ್ಲಿದ್ದವರು ಏಳುವುದಿಲ್ಲ. ಕೆಂಡಕ್ಕೆ ಹೊಗೆ ಇಲ್ಲ, ಹಾಗಾಗಿ ಅಪಾಯವಿಲ್ಲ ಅಂತ ಜನ ತಿಳಿದಿರುತ್ತಾರೆ, ಅದೇ ಮೋಸ. ಅತ್ತೆಗೆ ಮಲಗುವ ಮೊದಲು ಬಚ್ಚಲೊಲೆಯ ಮುಂದೆ ಅರ್ಧ ಗಂಟೆ ಬಾಗಿಲು ತೆರೆದು ಕೂರಿಸಿ. ಒಣಗಿದ ಕಟ್ಟಿಗೆಯನ್ನೇ ಹಾಕಿ, ಹಸಿ ಕಟ್ಟಿಗೆಯ ಹೊಗೆ ಉಬ್ಬಸದವರಿಗೆ ಆಗುವುದಿಲ್ಲ.

ದುಡ್ಡು ಮೊದಲು ಹಂಚಿನ ಮಾಡಿಗೆ ಹಾಕಿ. ನಕ್ಷತ್ರ ಕಾಣುವ ಮನೆಯಲ್ಲಿ ಎಷ್ಟು ಹೊದ್ದರೂ ಬೆಚ್ಚಗಾಗುವುದಿಲ್ಲ. ಒಡೆದ ಹಂಚು ಬದಲಿಸಿ, ಜಾರಿದ್ದನ್ನು ಕೂರಿಸಿ. ಹಳೆಯ ಮನೆಯೆಂದರೆ ಅಟ್ಟದ ಮೇಲೆ ಹತ್ತು ಹದಿನೈದು ಹಂಚು ಇದ್ದೇ ಇರುತ್ತವೆ, ಒಡತಿಯನ್ನು ಕೇಳಿ. ಆಮೇಲೆ ಮಲಗುವ ಕೋಣೆಯಲ್ಲಿ ಮಾತ್ರ, ಹಳೆಯ ಕಾಟನ್ ಸೀರೆ ಎರಡು ಜೋಡಿಸಿ ಹೊಲಿದು ಹಂಚಿನ ಕೆಳಗೆ ಜಂತಿಯಿಂದ ಜಂತಿಗೆ ಬಿಗಿದು ಕಟ್ಟಿ. ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿಯಲ್ಲಿ ಹೋಗಿಬಿಡುತ್ತದೆ, ಸೀರೆ ಅದನ್ನು ತಡೆಯುತ್ತದೆ. ನಾನು ಮದುವೆಯಾಗಿ ಬಂದ ವರ್ಷ ನಮ್ಮತ್ತೆ ಬಾಣಂತಿ ಕೋಣೆಗೆ ಹಾಗೆ ಕಟ್ಟಿದ್ದರು, ಒಳಗೆ ಹೋದರೆ ಬೇರೆ ಮನೆಗೆ ಹೋದ ಹಾಗಿತ್ತು. ಒಲೆ ಇರುವ ಕಡೆ ಮಾತ್ರ ಕಟ್ಟಬೇಡಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಪ್ಯಾಂಟಿನ ಕಾಲಿಗೆ ಭತ್ತದ ಹೊಟ್ಟು ತುಂಬಿ ಹೊಲಿದು ಅಡ್ಡ ಇಡಿ. ಹೊಟ್ಟು ಮಿಲ್ಲಿನಲ್ಲಿ ಕೇಳಿದರೆ ಕೊಡುತ್ತಾರೆ.

ಕಟ್ಟಿಗೆಗೆ ದುಡ್ಡು ಕೊಡಬೇಡಿ. ಇನ್ನೇನು ಅಡಿಕೆ ಕೊಯ್ಲು ಶುರುವಾಯಿತು. ಸುಲಿಯುವ ಮನೆಯಲ್ಲಿ ಸಿಪ್ಪೆ ರಾಶಿ ಬೀಳುತ್ತದೆ, ಹಂಡೆ ಒಲೆಗೆ ಅದೇ ಸಾಕು. ಕೇಳಲಿಕ್ಕೆ ಸಂಕೋಚವಾದರೆ ಒಂದು ಸಂಜೆ ಸುಲಿಯಲಿಕ್ಕೆ ಕೂತು ಬನ್ನಿ, ಕೂಲಿಯೂ ಸಿಗುತ್ತದೆ, ಊರವರ ಪರಿಚಯವೂ ಆಗುತ್ತದೆ.

ಪೆಟ್ಟಿಗೆಯಿಂದ ತೆಗೆದ ಕಂಬಳಿಗೆ ಡಾಂಬರು ಗುಳಿಗೆಯ ವಾಸನೆ ಇದ್ದರೆ ಎರಡು ಮೂರು ದಿನ ಬಿಸಿಲಿಗೆ ಹಾಕಿಯೇ ಹೊದೆಯಿರಿ. ಗುಳಿಗೆಯನ್ನು ಮಗು, ಮರಿಗಳ ಕೈಗೆ ಬಾಯಿಗೆ ಸಿಗುವಂತೆ ಇಡಲೇಬಾರದು, ಅದು ವಿಷ.

ಇನ್ನೊಂದು ಹೇಳಲೇಬೇಕು. ನಾಯಿಯನ್ನು ರಾತ್ರಿ ಜಗಲಿಯಲ್ಲಿ ಬಿಡಬೇಡಿ. ತೋಟದ ಮೇಲ್ಗಡೆಯ ಮನೆ ಅಂದಿರಿ. ನಮ್ಮ ಕೇರಿಯಲ್ಲಿ ಎರಡು ವರ್ಷದ ಹಿಂದೆ ಚಿರತೆ ಜಗಲಿಯಿಂದಲೇ ನಾಯಿಯನ್ನು ಎತ್ತಿಕೊಂಡು ಹೋಗಿದೆ. ಕಾಲು ಬಾರದ ನಾಯಿ ಓಡಲಾರದು. ಕೆಂಡ ಪೂರ್ತಿ ಆರಿಸಿದ ಮೇಲೆ ಬಚ್ಚಲ ಮೂಲೆಯಲ್ಲಿ ಮಲಗಿಸಿ, ಒಲೆಯ ಬಿಸಿಯೂ ಇರುತ್ತದೆ, ಬಾಗಿಲೂ ಇರುತ್ತದೆ.

ತಂತಿ ಕೆಲಸ:

ಹೀಟರ್ ಲೆಕ್ಕ ಮಾತ್ರ ನಾನು ಹೇಳುತ್ತೇನೆ, ವೈರಿಂಗ್ ನನ್ನ ಕೆಲಸ. 2,000 ವ್ಯಾಟ್ ಹೀಟರ್ ಗಂಟೆಗೆ 2 ಯೂನಿಟ್. ರಾತ್ರಿ ನಾಲ್ಕು ತಾಸು ಹಚ್ಚಿದರೆ 8, ತಿಂಗಳಿಗೆ 240 ಯೂನಿಟ್. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚು ತನಕ ಉಚಿತ, ಅದೂ 200 ಯೂನಿಟ್ ಒಳಗೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮದು ಒಂದೇ ಮೀಟರ್, ಅಂದರೆ ಒಡತಿಯವರ ಶೂನ್ಯ ಬಿಲ್ಲೂ ಹೋಗುತ್ತದೆ. ಅವರು ಮೀಟರ್ ನೋಡಿದ್ದು ಅದಕ್ಕೇ ಇರಬೇಕು. ಹಳೆಯ ಮನೆಯ ವೈರು, 5 ಆಂಪಿಯರ್ ಪ್ಲಗ್ಗಿಗೆ ಆ ಹೀಟರ್ ಹಾಕಿದ್ದರೆ ಇವತ್ತೇ ತೆಗೆಯಿರಿ, ಪ್ಲಗ್ ಕರಗಿ ಬೆಂಕಿ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಗದ್ದೆಮನೆ ಹುಡುಗ:

ನಾಯಿಗೆ ಕಾಲುನೋವಾದರೆ ನಾವು ಜ್ವರದ ಮಾತ್ರೆ ಅರ್ಧ ಕೊಡುತ್ತೇವೆ. ಎರಡು ರೂಪಾಯಿಯಲ್ಲಿ ಆಗುತ್ತದೆ. ಆಸ್ಪತ್ರೆ ಯಾಕೆ?

ಪಶುಸಖಿ, ಸಿದ್ದಾಪುರ:

ಗದ್ದೆಮನೆಯ ತಮ್ಮಾ, ದಯವಿಟ್ಟು ಹಾಗೆ ಹೇಳಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ಒಂದು ಮಾತ್ರೆ ಸಾಕು, ಜೀವ ಹೋಗುತ್ತದೆ. ನಾಯಿಗೂ ಅಳತೆ ತಪ್ಪಿದರೆ ಯಕೃತ್ತು ಕೆಡುತ್ತದೆ. ಐಬುಪ್ರೊಫೆನ್ ಕೊಟ್ಟು ಹೊಟ್ಟೆಯೊಳಗೆ ಹುಣ್ಣಾಗಿ ಕಪ್ಪಗೆ ಭೇದಿ ಮಾಡಿದ ನಾಯಿಯನ್ನು ನಾನು ನೋಡಿದ್ದೇನೆ. ಕಾಲುನೋವಿಗೆ ನಾಯಿಗೆಂದೇ ಮಾತ್ರೆ ಇದೆ, ತೂಕ ನೋಡಿ ಡಾಕ್ಟರೇ ಬರೆಯಬೇಕು. ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ ಅಕ್ಕಾ. ಯಜಮಾನರ ಗಾಡಿ ಇದೆಯಲ್ಲ, ಕರಿಯನನ್ನು ಕೂರಿಸಿಕೊಂಡು ಹೋಗಿ, ಬೆಳಿಗ್ಗೆ ನಡೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ ತೋರಿಸಿ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬಿಸಿಲೇರಿ ಅವನು ನೆಟ್ಟಗೆ ನಡೆಯುತ್ತಾನೆ, ಡಾಕ್ಟರಿಗೆ ಕಾಯಿಲೆ ಕಾಣುವುದಿಲ್ಲ.

ಈಗ ದರಕಿನ ವಿಷಯ. ಅಕ್ಕಾ, ಇದನ್ನು ಓದಿದ ಕೂಡಲೇ ಎದ್ದು ಆ ದರಕು ತೆಗೆಯಿರಿ.

ಮಂಗನ ಕಾಯಿಲೆ ಹೆಸರು ಕೇಳಿದ್ದೀರಲ್ಲ, ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ನಮ್ಮ ಸಿದ್ದಾಪುರಕ್ಕೆ ಅದು ನೆರೆಮನೆ ಇದ್ದ ಹಾಗೆ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳುವಿನಿಂದ. ಮಳೆ ನಿಂತ ಮೇಲೆ ಉಣುಗಿನ ಮರಿಗಳು ದರಕಿನ ಅಡಿಯಲ್ಲೇ ಇರುತ್ತವೆ, ಸಾಸಿವೆ ಕಾಳಿಗಿಂತ ಸಣ್ಣವು, ಕಣ್ಣಿಗೆ ಬೀಳುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಬೆಟ್ಟದ ದರಕು ಮನೆಗೆ ತಂದರೆ ಉಣುಗನ್ನು ಚೀಲದಲ್ಲಿ ತುಂಬಿ ತಂದ ಹಾಗೆಯೇ. ನಾಯಿಗೆ, ದನಕ್ಕೆ ಆ ಜ್ವರ ಬರುವುದಿಲ್ಲ, ಆದರೆ ಅವುಗಳ ಮೈಮೇಲೆ ಉಣುಗು ಒಳಗೆ ಬರುತ್ತದೆ, ಮಗಳು ಅವನನ್ನು ತಬ್ಬಿಕೊಳ್ಳುತ್ತಾಳೆ. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ದರಕು ತರಬೇಡಿ ಅನ್ನುವುದು, ಬೆಟ್ಟಕ್ಕೆ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುವುದು ಇದಕ್ಕೇ. ಕೊಟ್ಟಿಗೆಗೆ ತಲೆತಲಾಂತರದಿಂದ ದರಕು ಹಾಸಿದವರಿಗೆ ಈ ಮಾತು ಒಪ್ಪಿಸುವುದು ಕಷ್ಟ, ನನ್ನ ತಂದೆಯೇ ಒಪ್ಪಲು ಮೂರು ವರ್ಷ ತೆಗೆದುಕೊಂಡರು.

ದರಕನ್ನು ಬರಿಗೈಯಲ್ಲಿ ಮುಟ್ಟಬೇಡಿ. ಉದ್ದ ತೋಳು, ಕಾಲುಚೀಲ ಹಾಕಿಕೊಂಡು ಸಲಿಕೆಯಲ್ಲಿ ತುಂಬಿ, ಮನೆಯಿಂದ ದೂರ ಸುಟ್ಟುಬಿಡಿ. ಹಾಕಿದ್ದ ಬಟ್ಟೆ ಬಿಸಿನೀರು ಸೋಪಿನಲ್ಲಿ ತೊಳೆಯಿರಿ, ಸ್ನಾನ ಮಾಡಿ. ಕರಿಯನ ಕಿವಿಯೊಳಗೆ, ಕತ್ತಿನ ಕೆಳಗೆ, ಬೆರಳ ಸಂದಿಯಲ್ಲಿ ನೋಡಿ. ಉಣುಗು ಸಿಕ್ಕರೆ ಚಿಮಟಿಗೆಯಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಉಗುರಲ್ಲಿ ಕುಕ್ಕಬೇಡಿ. ಮನೆಯಲ್ಲಿ ಯಾರಿಗಾದರೂ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ದರಕು ಮುಟ್ಟಿದ್ದೆವು ಅಂತ ಆಸ್ಪತ್ರೆಯಲ್ಲಿ ಹೇಳಲೇಬೇಕು. ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ನಾಯಿಯ ಉಣುಗಿಗೆ ಔಷಧಿ ತರುವಾಗ ಮನೆಯಲ್ಲಿ ಬೆಕ್ಕಿನ ಮರಿ ಇದೆ ಎಂದು ಹೇಳಿ ತನ್ನಿ. ಪರ್ಮೆಥ್ರಿನ್ ಇರುವ ಔಷಧಿ ನಾಯಿಗೆ ನಡೆಯುತ್ತದೆ, ಬೆಕ್ಕಿಗೆ ವಿಷ. ನಾಯಿಯ ಮೈಗೆ ಒರಗಿ ಮಲಗಿದರೂ ಸಾಕು, ಬೆಕ್ಕಿಗೆ ನಡುಕ ಹತ್ತುತ್ತದೆ. ದನದ ಮೈಗೆ ಹಚ್ಚುವ ಔಷಧಿಯನ್ನು ನಾಯಿಗೆ ಬಳಿಯುವವರೂ ಇದ್ದಾರೆ, ಅದೂ ಬೇಡ.

ಹಾಸಲಿಕ್ಕೆ ಗದ್ದೆ ಕೊಯ್ದ ಹೊಸ ಬೈಹುಲ್ಲು ತನ್ನಿ. ಕೆಳಗೆ ಮರದ ಹಲಗೆ, ಅದರ ಮೇಲೆ ಗೊಬ್ಬರದ ಖಾಲಿ ಚೀಲ ತೊಳೆದು ಹಾಸಿ, ಮೇಲೆ ಒಂದು ಗೇಣು ಹುಲ್ಲು. ಬಟ್ಟೆ ತಂಪು ಹೀರಿಕೊಂಡು ಒದ್ದೆಯಾಗಿ ಕೂರುತ್ತದೆ, ಹುಲ್ಲು ಒಳಗೆ ಗಾಳಿ ಹಿಡಿದಿಟ್ಟುಕೊಂಡು ಬೆಚ್ಚಗಿರುತ್ತದೆ. ವಾರಕ್ಕೊಮ್ಮೆ ಬದಲಿಸಿ. ಸ್ನಾನ ಮಾಡಿಸುವುದಿದ್ದರೆ ನಡು ಮಧ್ಯಾಹ್ನ, ಅದೂ ತಿಂಗಳಿಗೊಮ್ಮೆ ಸಾಕು. ತುರ್ತು ಬಂದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸಿನ ನಂಬರ್ ಅದು.

ಕೇಣಿಯವಳು:

ಅಕ್ಕಾ, ಓದಿ ಕೈಕಾಲು ನಡುಗಿತು. ಮಗಳು ಆ ದರಕಿನ ಮೇಲೆ ಕರಿಯನ ಜೊತೆ ಆಡಿಕೊಂಡಿದ್ದಳು. ಅವಳ ಮೈಯೆಲ್ಲ ನೋಡಿದೆ, ಏನೂ ಇಲ್ಲ. ಕರಿಯನ ಎಡಗಿವಿಯೊಳಗೆ ಮೂರು, ಕತ್ತಿನಲ್ಲಿ ಎರಡು ಸಿಕ್ಕವು, ನೀವು ಹೇಳಿದ ಹಾಗೆಯೇ ತೆಗೆದೆ. ದರಕು ಸುಟ್ಟಾಯಿತು. ಹೀಟರ್ ತೆಗೆದು ಕಟ್ಟಿ ಇಟ್ಟೆ, ಒಡತಿಯವರಿಗೆ ಹೇಳಿಯೂ ಬಂದೆ. ಅವರು ಅಟ್ಟದಿಂದ 14 ಹಂಚು ಇಳಿಸಿ ಕೊಟ್ಟರು.

ಯಲ್ಲಾಪುರ ಕಡೆಯವ:

ನೀವು ಬ್ಲೌಸ್ ಹೊಲಿಯುತ್ತೀರಿ ಅಂದಿರಿ. ಹಾಗಾದರೆ ಹೊದಿಕೆಗೆ ಯಾಕೆ ದುಡ್ಡು? ನಮ್ಮ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ, ಅವರು ಕವಂದಿ ಅನ್ನುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮನೆಗಳಲ್ಲಿ ಅದಿಲ್ಲದೆ ಚಳಿಗಾಲವಿಲ್ಲ. ಕೆಳಗೆ ಒಂದು ಹಳೆಯ ಸೀರೆ, ಮೇಲೆ ಹಳೆಯ ಬಟ್ಟೆಯ ತುಂಡುಗಳು. ಅಂಚಿನಿಂದ ಶುರು ಮಾಡಿ ಸುತ್ತಾಗಿ ಒಳಕ್ಕೆ ಬರುತ್ತಾ ದಪ್ಪ ದಾರದಲ್ಲಿ ಸಾಲು ಹೊಲಿಗೆ. ನಾಲ್ಕು ಮೂಲೆಗೆ ಬಣ್ಣದ ತುಂಡನ್ನು ಮೂಲೆಮೂಲೆಯಾಗಿ ಮಡಚಿ ಇಡುತ್ತಾರೆ, ಅದಕ್ಕೆ ಫೂಲ ಅಂತ ಹೆಸರು. ಫೂಲ ಇಲ್ಲದ ಕವಂದಿ ಅವರ ಲೆಕ್ಕದಲ್ಲಿ ಪೂರ್ತಿ ಆಗಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಜ್ಜಿ ಹೊಲಿದು ಕೊಟ್ಟದ್ದು ಹದಿನೆಂಟು ವರ್ಷದಿಂದ ನನ್ನ ಹಾಸಿಗೆಯಲ್ಲಿದೆ. ಮಿಶಿನ್ ಹೊಲಿಗೆ ಬೇಡ, ಕೈಹೊಲಿಗೆಯೇ ಆಗಬೇಕು. ಅದರ ನೆರಿಗೆಯಲ್ಲಿ ಗಾಳಿ ಉಳಿಯುತ್ತದೆ.

ಕಾರವಾರ ಮೀನು ಮಾರ್ಕೆಟ್:

ಬಾಯಿ, ಬೆಕ್ಕಿನ ಮರಿಗೆ ನಾನು ಹೇಳುತ್ತೇನೆ. ಶಿರಸಿ ಮೀನು ಮಾರ್ಕೆಟ್ಟಿಗೆ ಕರಾವಳಿಯಿಂದ ಮೀನು ಬರುವುದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಅಂಚು ಮುರಿದ ಪೆಟ್ಟಿಗೆಯನ್ನು ಎಸೆಯುತ್ತಾರೆ, ಕೇಳಿದರೆ ಕೊಡುತ್ತಾರೆ. ಬರ್ಫ ಕರಗದಂತೆ ಕಾಯುವ ಪೆಟ್ಟಿಗೆ ಬಿಸಿಯನ್ನೂ ಹಾಗೇ ಕಾಯುತ್ತದೆ. ತಾಯಿ ಬೆಕ್ಕು ನುಗ್ಗುವಷ್ಟೇ ತೂತು ಕೊರೆಯಿರಿ, ದೊಡ್ಡದು ಮಾಡಿದರೆ ಬಿಸಿ ನಿಲ್ಲುವುದಿಲ್ಲ. ಬಿಸಿನೀರು, ಸೋಡಾಪುಡಿ ಹಾಕಿ ತಿಕ್ಕಿ ಎರಡು ದಿನ ಬಿಸಿಲಿಗೆ ಇಡಲೇಬೇಕು. ಮೀನಿನ ವಾಸನೆ ಉಳಿದರೆ ಮರಿಗಳು ಥರ್ಮಾಕೋಲ್ ಕಚ್ಚಿ ನುಂಗುತ್ತವೆ. ಒಳಗೆ ರಟ್ಟು ಹಚ್ಚಿ, ಆಮೇಲೆ ಹುಲ್ಲು. ನನ್ನ ಅಂಗಡಿಯ ಹಿಂದೆ ಮಳೆಗಾಲದಲ್ಲಿ ನಾಲ್ಕು ಬೆಕ್ಕು ಹೀಗೇ ಇರುತ್ತವೆ.

ಒಣಮೀನು ಮಾತ್ರ ನಾಯಿಗೆ ಹಾಗೇ ಹಾಕಬೇಡಿ, ಉಪ್ಪು ಜಾಸ್ತಿ. ಎರಡು ಸಲ ನೀರು ಬದಲಿಸಿ ನೆನೆಸಿ ಬೇಯಿಸಿದರೆ ಗಂಜಿಗೆ ಸ್ವಲ್ಪ ಹಾಕಬಹುದು.

ಕೇಣಿಯವಳು:

ಐದು ವಾರ ಆಯಿತು. ನಿಮಗೆಲ್ಲ ಲೆಕ್ಕ ಒಪ್ಪಿಸದೆ ಇರಲಾಗಲಿಲ್ಲ.

ಹಂಚು ಕೂರಿಸಿದವರ ಕೂಲಿ 500. ಬೈಹುಲ್ಲು ಆರು ಹೊರೆ, 300. ಸಾಮಿಲ್ಲಿನ ತುಂಡು ಹಲಗೆ 100. ಅತ್ತೆಯವರಿಗೆ ಸಂತೆಯಲ್ಲಿ ಒಂದು ಕಂಬಳಿ 850, ಅದರಲ್ಲಿ ನಾನು ಚೌಕಾಸಿ ಮಾಡಲಿಲ್ಲ, ನಿಜವಾದ ಕುರಿ ಉಣ್ಣೆಯದು. ಮಗಳ ಸ್ವೆಟರ್ 250. ಕರಿಯನ ಕಾಲಿನ ಮಾತ್ರೆ 380, ಬೆಕ್ಕಿಗೆ ತೊಂದರೆ ಮಾಡದ ಉಣುಗಿನ ಔಷಧಿ 420. ದಾರ ಮತ್ತು ದಪ್ಪ ಸೂಜಿ 60. ಒಟ್ಟು 2,860.

ಸೀರೆ ಕಟ್ಟಿದ ಮೊದಲ ರಾತ್ರಿಯೇ ವ್ಯತ್ಯಾಸ ಗೊತ್ತಾಯಿತು. ಅತ್ತೆ ಬೆಳಗಿನ ತನಕ ಎದ್ದು ಕೂರಲಿಲ್ಲ. ಡಿಸೆಂಬರಿನಲ್ಲಿ ಇಡೀ ತೋಟ ಮಂಜಿನಲ್ಲಿ ಮುಳುಗಿ ಎಂಟು ಗಂಟೆಯಾದರೂ ಎದುರಿನ ಮರ ಕಾಣದಿದ್ದ ದಿನಗಳಲ್ಲೂ ಒಳಗೆ ಹೊದಿಕೆ ಒಣಗಿಯೇ ಇತ್ತು.

ಕವಂದಿಗೆ ನನ್ನ ಹತ್ತಿರ ಬಟ್ಟೆಗೇನೂ ಕೊರತೆಯಿರಲಿಲ್ಲ, ಎರಡು ಚೀಲ ಬ್ಲೌಸ್ ತುಂಡು ಇತ್ತು. ಆದರೆ ರೇಷ್ಮೆಯ ತುಂಡುಗಳು ಹರಿದವು, ಕಾಟನ್ನಿನವೇ ನಿಂತವು. ಹದಿನಾರು ರಾತ್ರಿ ಹಿಡಿಯಿತು. ನಾಲ್ಕೂ ಮೂಲೆಗೆ ಫೂಲ ಇಟ್ಟಿದ್ದೇನೆ, ಮಗಳು ಹೊದೆಯುವಾಗ ಕೆಂಪು ಫೂಲ ತಲೆಯ ಕಡೆಗೇ ಬರಬೇಕು ಅನ್ನುತ್ತಾಳೆ.

ಸುಲಿಯುವ ಮನೆಗೆ ಈಗ ವಾರಕ್ಕೆ ಮೂರು ಸಂಜೆ ಹೋಗುತ್ತೇನೆ. ಬರುವಾಗ ತಲೆಯ ಮೇಲೊಂದು ಚೀಲ ಸಿಪ್ಪೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಆ ಮನೆಯ ನಾಯಿಗಳ ಸಾಲಿನಲ್ಲಿ ಕರಿಯನಿಗೂ ಜಾಗ ಸಿಕ್ಕಿದೆ, ಅವನನ್ನು ಗಾಡಿಯಲ್ಲಿ ಬಿಟ್ಟು ಹೋಗುತ್ತಾರೆ ಯಜಮಾನರು.

ವಿಡಿಯೋ ತೋರಿಸಿದ್ದಕ್ಕೇ ಡಾಕ್ಟರಿಗೆ ಗೊತ್ತಾಯಿತು. ವಯಸ್ಸಿಗೆ ಸೊಂಟದ ಕೀಲು ಸವೆದಿದೆ, ಪೂರ್ತಿ ವಾಸಿಯಾಗುವುದಿಲ್ಲ ಎಂದರು. ತೂಕ ಏರಿಸಬೇಡಿ, ತಂಪು ತಾಗಿಸಬೇಡಿ ಎಂದರು. ರಾತ್ರಿ ಹಂಡೆಯ ನೀರನ್ನು, ಕೈಗೆ ತಾಳುವಷ್ಟು ಬಿಸಿಯದು, ಎರಡು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಹಳೆಯ ಕಾಲುಚೀಲದಲ್ಲಿ ಹಾಕಿ ಅವನ ಸೊಂಟದ ಬಳಿ ಹುಲ್ಲಿನಲ್ಲಿ ಹುಗಿದಿಡುತ್ತೇನೆ. ಬೇಡವೆನಿಸಿದರೆ ತಾನೇ ಸರಿದು ಮಲಗುತ್ತಾನೆ. ಮೊದಲು ಅರ್ಧ ಗಂಟೆ ಬೇಕಿತ್ತು ಎದ್ದು ನಿಲ್ಲಲು. ಈಗ ನಾನು ಒಲೆಗೆ ಸಿಪ್ಪೆ ಹಾಕಿ ಊದುವಷ್ಟರಲ್ಲಿ ಎದ್ದು ಬಂದು ಬೆನ್ನಿಗೆ ಮೂತಿ ತಾಗಿಸುತ್ತಾನೆ. ಟವೆಲ್ ಹಿಡಿಯುವುದು ಮೋಡ ಮುಸುಕಿದ ದಿನ ಮಾತ್ರ.

ಮರಿಗಳು ಪೆಟ್ಟಿಗೆಯಲ್ಲಿ ಹತ್ತು ದಿನ ಇದ್ದವು. ಆಮೇಲೆ ಒಂದೊಂದಾಗಿ ಕರಿಯನ ಹುಲ್ಲಿಗೆ ಬಂದವು. ಒಡತಿಯವರು ಒಂದನ್ನು ಕೇಳಿದ್ದಾರೆ, ಸುಲಿಯುವ ಮನೆಯವರು ಒಂದನ್ನು. ಮೂರನೆಯ ಬೂದು ಮರಿ ನಮ್ಮಲ್ಲೇ ಇರಲಿ ಅಂತ ಅತ್ತೆ ಹೇಳಿದರು.

ಉಳಿದ 140 ರೂಪಾಯಿಗೆ ತಾರ್ಲೆ ಮೀನು ತಂದೆ.